ಹಬ್ಬಕ್ಕೆ ಬಂದು ಸೇರುವ ಊರು

ಸ್ಪೇನಿನ ಪ್ರಾಂತ್ಯಗಳ ಪೈಕಿ ಅತಿ ಕಡಿಮೆ ಜನರಿರುವುದು ಸೋರಿಯಾದಲ್ಲಿ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ನೆಲಕ್ಕೆ ಸುಮಾರು 90,000 ಮಂದಿ. ಒಂದು ಕಾಲಕ್ಕೆ ಇಲ್ಲಿನ ಕುರಿಗಾಹಿಗಳು ಚಳಿಗಾಲದಲ್ಲಿ ಮಂದೆ ಹೊಡೆದುಕೊಂಡು ದೂರದ ಎಕ್ಸ್‌ತ್ರೆಮಾದುರಾದ ಹುಲ್ಲುಗಾವಲಿಗೆ ಹೋಗುತ್ತಿದ್ದರು, ಬೇಸಿಗೆಗೆ ಬೆಟ್ಟದ ಊರುಗಳಿಗೆ ಮರಳುತ್ತಿದ್ದರು. ಉಣ್ಣೆಯ ವ್ಯಾಪಾರ ಬಿತ್ತು. ಕಳೆದ ಶತಮಾನದಲ್ಲಿ ಹರೆಯದವರೆಲ್ಲ ಸಾರಾಗೋಸಾ, ಬಾರ್ಸಿಲೋನಾ, ಮ್ಯಾಡ್ರಿಡ್‌ಗಳ ದಾರಿ ಹಿಡಿದರು. ಹಾಗೆ ಹೋದವರ ಮಕ್ಕಳು ಮೊಮ್ಮಕ್ಕಳು ಈಗ ಊರಿಗೆ ಬರುವುದು ಹಬ್ಬಕ್ಕೆ.

ಈ ಪ್ರಾಂತ್ಯದ ಉತ್ತರದ ಬೆಟ್ಟಸೀಮೆಯಲ್ಲಿ ಸಾನ್ ಪೆದ್ರೊ ಮಾನ್ರಿಕೆ ಎಂಬ ಸಣ್ಣ ಊರಿದೆ. ಜೂನ್ 23ರಂದು, ಸಂತ ಸ್ನಾನಿಕ ಯೋಹಾನರ ಹಬ್ಬದ ಹಿಂದಿನ ರಾತ್ರಿ, ಅಲ್ಲಿನ ದೇಗುಲದ ಮುಂದೆ ಓಕ್ ಸೌದೆಯ ದೊಡ್ಡ ರಾಶಿಗೆ ಬೆಂಕಿಯಿಡುತ್ತಾರೆ. ಉರಿ ಇಳಿದ ಮೇಲೆ ಉದ್ದನೆಯ ಕೋಲುಗಳಿಂದ ಕೆದರಿ ಕೆಂಡ ಹಾಸುತ್ತಾರೆ. ನಡುರಾತ್ರಿಗೆ ಊರವರು ಬರಿಗಾಲಲ್ಲಿ ಅದನ್ನು ದಾಟುತ್ತಾರೆ. ಮಾರಮ್ಮನಿಗೋ ವೀರಭದ್ರನಿಗೋ ಹರಕೆ ಹೊತ್ತು ಕೊಂಡ ಹಾಯುವವರನ್ನು ಕಂಡ ನಮಗೆ ಕೆಂಡ ತುಳಿಯುವುದು ಹೊಸತಲ್ಲ. ಆದರೆ ಅಲ್ಲಿ ಹಾಯುವವರ ಬೆನ್ನ ಮೇಲೆ ಇನ್ನೊಬ್ಬರಿರುತ್ತಾರೆ. ಹೆಂಡತಿ, ಮಗಳು, ಗೆಳೆಯ, ಯಾರಾದರೂ ಸರಿ, ಬೇಕಾದವರೊಬ್ಬರು. ಭಾರವಿದ್ದರೆ ಪಾದ ಗಟ್ಟಿಯಾಗಿ ಊರುತ್ತದೆ, ಸುಡುವುದಿಲ್ಲ ಎಂಬ ವಿವರಣೆಯೂ ಇದೆ. ಇರಬಹುದು. ನನ್ನ ಮನಸ್ಸು ಹೋಗುವುದು ಮಾತ್ರ ಬೆನ್ನ ಮೇಲಿರುವವರ ಕಡೆಗೆ. ನಡೆಯುವವನಿಗೆ ತನ್ನ ಕಾಲಿನ ಮೇಲೆ ಹತೋಟಿ ಇದೆ. ಇವರಿಗೆ ಅದೂ ಇಲ್ಲ. ಪೂರ್ತಿ ಅವನನ್ನೇ ನಂಬಿ ಕುತ್ತಿಗೆ ತಬ್ಬಿಕೊಂಡಿರುತ್ತಾರೆ.

ಈ ರಾತ್ರಿಯ ಬಗ್ಗೆ ಒಂದು ಸಂಶೋಧನೆ 2011ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇವಾನಾ ಕೊನ್ವಲಿಂಕಾ, ದಿಮಿತ್ರಿಸ್ ಕ್ಸಿಗಲಾತಾಸ್ ಮತ್ತು ಅವರ ಸಂಗಡಿಗರು 38 ಮಂದಿಯ ಎದೆಬಡಿತವನ್ನು ಅಳೆದಿದ್ದರು. ಅವರಲ್ಲಿ ಕೆಂಡ ಹಾಯುವವರಿದ್ದರು, ಅವರ ಬಂಧುಮಿತ್ರರಿದ್ದರು, ಬರೇ ನೋಡಲು ಬಂದ ಪರವೂರಿನವರೂ ಇದ್ದರು. ಕೆಂಡ ಹಾಯುತ್ತಿದ್ದವನ ಎದೆಬಡಿತದ ಏರಿಳಿತವೇ ಸುಮ್ಮನೆ ಕೂತು ನೋಡುತ್ತಿದ್ದ ಅವನ ಬಂಧುಮಿತ್ರರಲ್ಲೂ ಕಂಡಿತು. ಅದೇ ಬೆಂಕಿಯನ್ನು ಅಷ್ಟೇ ಹತ್ತಿರದಿಂದ ನೋಡಿದ ಪರವೂರಿನವರಲ್ಲಿ ಕಾಣಲಿಲ್ಲ.

ಇದನ್ನು ಓದಿದಾಗಿನಿಂದ ಹಬ್ಬ ನೋಡುವುದು ಬೇರೆ, ಹಬ್ಬದಲ್ಲಿ ಇರುವುದು ಬೇರೆ ಎಂಬ ನನ್ನ ನಂಬಿಕೆ ಬಲವಾಗಿದೆ. ಊರುಗಳನ್ನು ಉಳಿಸಲು ಪ್ರವಾಸಿಗರನ್ನು ಕರೆಯಿರಿ ಎಂದು ಎಲ್ಲ ಕಡೆಯೂ ಹೇಳುತ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಅವರಿಂದ ಅಂಗಡಿ, ಹೋಟೆಲು ನಡೆದಾವು. ಆದರೆ ಬೆನ್ನು ಕೊಡುವವರೂ ಬೆನ್ನೇರುವವರೂ ಊರಿನೊಳಗಿನಿಂದಲೇ ಬರಬೇಕು. ಮಾರನೆಯ ದಿನದ ಮೆರವಣಿಗೆಗೂ ಹಾಗೆಯೇ. ಮೊಂದಿದಾಸ್ ಎಂದು ಕರೆಯುವ ಮೂವರು ಹುಡುಗಿಯರು ಬಿಳಿ ಉಡುಪು ತೊಟ್ಟು, ಹಿಟ್ಟು ಮೆತ್ತಿದ ಎತ್ತರದ ಕಡ್ಡಿಗಳನ್ನು ಸಿಕ್ಕಿಸಿದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಊರಿನ ಅವಿವಾಹಿತ ಹುಡುಗಿಯರ ಹೆಸರಿನ ಚೀಟಿ ಎತ್ತಿ ಅವರನ್ನು ಆರಿಸುತ್ತಾರೆ. ಚೀಟಿ ಬರೆಯಲು ಊರಲ್ಲಿ ಹುಡುಗಿಯರಿರಬೇಕಲ್ಲ!

ಪ್ರಾಂತ್ಯದ ಮುಖ್ಯ ಪಟ್ಟಣದ ಹೆಸರೂ ಸೋರಿಯಾ. ಅಲ್ಲಿ ಯೋಹಾನರ ಹಬ್ಬ ಕಳೆದ ಮೇಲಿನ ಗುರುವಾರದಿಂದ ಸೋಮವಾರದವರೆಗೆ ದೊಡ್ಡ ಉತ್ಸವ. ಪಟ್ಟಣವನ್ನು ಹಬ್ಬಕ್ಕೆಂದು ಹನ್ನೆರಡು ಕೇರಿಗಳಾಗಿ ಹಂಚಿದ್ದಾರೆ. ಪ್ರತಿ ಕೇರಿಯ ಹೊಣೆಯನ್ನು ಆ ವರ್ಷ ಒಂದು ದಂಪತಿ ಹೊರುತ್ತಾರೆ. ಗೂಳಿಗಳನ್ನು ಓಡಿಸಿ ತರುವುದು, ಕಾಳಗ, ಕೊಲ್ಲುವುದು ಎಲ್ಲ ಇದೆ, ಅದನ್ನು ನನ್ನಿಂದ ಒಪ್ಪಲಾಗದು. ಆದರೆ ಭಾನುವಾರ ಕೇರಿಕೇರಿಯವರು ಅಲಂಕರಿಸಿದ ಹಂಡೆಗಳಲ್ಲಿ ಅಡುಗೆ ಹೊತ್ತು ಪಟ್ಟಣದ ಉದ್ಯಾನಕ್ಕೆ ಬಂದು ಹಂಚಿ ಉಣ್ಣುವುದಕ್ಕೆ, ಸೋಮವಾರ ದುಎರೊ ನದಿಯ ದಡದಲ್ಲಿ ಕುಣಿದು ಮುಗಿಸುವುದಕ್ಕೆ ಮನಸೋಲುತ್ತೇನೆ. ಹೊಣೆ ಹೊತ್ತ ದಂಪತಿಗೆ ಆ ವರ್ಷ ತಮ್ಮ ಕೇರಿಯ ಪ್ರತಿ ಮನೆಯ ಪರಿಚಯವೂ ಆಗಿರುತ್ತದೆ.

ಸಾನ್ ಪೆದ್ರೊದ ಹತ್ತಿರವೇ ಸಾರ್ನಾಗೊ ಎಂಬ ಹಳ್ಳಿಯಿದೆ. 1970ರ ದಶಕದ ಕೊನೆಗೆ ಅದು ಪೂರ್ತಿ ಖಾಲಿಯಾಯಿತು. ಚರ್ಚಿನ ಸೂರು ಕುಸಿಯಿತು. ಹೊರಗೆ ಹೋಗಿ ನೆಲೆಸಿದವರು ಸಂಘ ಕಟ್ಟಿಕೊಂಡು, ನಿಂತುಹೋಗಿದ್ದ ತಮ್ಮ ಊರಿನ ಮೊಂದಿದಾಸ್ ಹಬ್ಬಕ್ಕೆ ಮತ್ತೆ ಜೀವ ಕೊಟ್ಟರು. ಮೊದಲು ಅದು ತ್ರಿತ್ವದ ಭಾನುವಾರಕ್ಕೆ ಬರುತ್ತಿತ್ತು. ರಜೆ ಸಿಗುವುದು ಆಗಸ್ಟ್‌ನಲ್ಲಿ ಎಂದು ಆಗಸ್ಟ್‌ಗೆ ತಂದರು. ದಿನ ಬದಲಿಸಿದರೆ ಹಬ್ಬ ಕೆಟ್ಟಿತು ಎನ್ನುವವರ ಮಾತಿಗೆ ನನ್ನ ಸಮ್ಮತಿಯಿಲ್ಲ. ಹಳೆಯ ದಿನವನ್ನೇ ಹಿಡಿದು ಕೂತಿದ್ದರೆ ಬುಟ್ಟಿ ಹೊರಲು ಒಂದು ತಲೆಯೂ ಸಿಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಸೇರುವ ಆ ಜನ ಬರೇ ಕುಣಿದು ಉಂಡು ಹೋಗುವುದಿಲ್ಲ. ಹಿಂದೆ ಊರಿಗೆ ಊರೇ ಕೂಡಿ ದಾರಿ, ಕಾಲುವೆ ರಿಪೇರಿ ಮಾಡುತ್ತಿದ್ದ ಪದ್ಧತಿಯನ್ನೂ ಹಬ್ಬದ ಜೊತೆಗೇ ಮರಳಿ ತಂದಿದ್ದಾರೆ. ನಗರದಲ್ಲಿ ಹುಟ್ಟಿದ ಮೊಮ್ಮಕ್ಕಳೂ ದೊಡ್ಡವರ ಜೊತೆ ಕಲ್ಲು ಹೊರುತ್ತಾರೆ. ಹಳೆಯ ಶಾಲೆಯ ಕಟ್ಟಡ ಈಗ ಊರಿನ ವಸ್ತುಸಂಗ್ರಹಾಲಯ. ಬಿದ್ದಿದ್ದ ಮನೆಗಳಲ್ಲಿ ಕೆಲವಕ್ಕೆ ಮತ್ತೆ ಸೂರು ಬಂದಿದೆ.