ಗೊಂಬೆಗೆ ಕಾನೂನಿದೆ, ಗುರುವಿಗೆ?

ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಗೊಂಬೆಗಳಿಗೆ 1999ರ ಕಾಯ್ದೆಯನ್ವಯ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ದೊರೆತಿದೆ. ಬೇರೆಡೆ ತಯಾರಾದ ಗೊಂಬೆಯನ್ನು ಕಿನ್ನಾಳದ್ದೆಂದು ಹೇಳಿ ಮಾರುವಂತಿಲ್ಲ. ಸಂತೋಷದ ಸಂಗತಿಯೇ. ಆದರೆ ಸರಕಿಗೆ ರಕ್ಷಣೆ ದೊರೆತ ಮಾತ್ರಕ್ಕೆ ಅದನ್ನು ಮಾಡುವ ಕೈಗಳ ಶಿಕ್ಷಣವೂ ಭದ್ರವಾಯಿತೆಂದು ಭಾವಿಸುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಇಂಥದೇ ಗೊಂದಲಕ್ಕೆ ಸಿಲುಕಿತ್ತು.

ಅಲ್ಲಿನ ಹೊಸ ಶ್ರೀಮಂತರು ಫ್ರೆಂಚ್ ಚಿತ್ರಗಳನ್ನೇ ಮುಗಿಬಿದ್ದು ಕೊಳ್ಳುತ್ತಿದ್ದ ಕಾಲವದು. 1883ರಲ್ಲಿ ಸಂಸತ್ತು ವಿದೇಶಿ ಕಲಾಕೃತಿಗಳ ಮೇಲಿನ ಆಮದು ಸುಂಕವನ್ನು ಶೇ 10ರಿಂದ ಶೇ 30ಕ್ಕೆ ಏರಿಸಿತು. ಸ್ವದೇಶಿ ಕಲಾವಿದರು ಹಿಗ್ಗಬೇಕಾಗಿತ್ತು. ವಿಚಿತ್ರವೆಂದರೆ, ಸುಂಕವನ್ನು ವಿರೋಧಿಸಿದವರಲ್ಲಿ ಆ ಕಲಾವಿದರೇ ಅನೇಕರಿದ್ದರು. ಅವರಲ್ಲಿ ಹಲವರು ಕಲಿತದ್ದು ಪ್ಯಾರಿಸ್ಸಿನಲ್ಲಿ. ಕಣ್ಣು ಪಳಗಿದ್ದು ಹೊರಗಿನ ಕೃತಿಗಳನ್ನು ನೋಡಿಯೇ. ಅವರಿಗೆ ಬೇಕಾಗಿದ್ದುದು ಸುಂಕದ ಗೋಡೆಗಿಂತ ಹೆಚ್ಚಾಗಿ ಒಳ್ಳೆಯ ಗುರು, ಒಳ್ಳೆಯ ಶಾಲೆ.

ಥಾಮಸ್ ಈಕಿನ್ಸ್ (1844–1916) ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಯಲ್ಲಿ ಜೆರೋಮ್ ಎಂಬ ಚಿತ್ರಕಾರರ ಬಳಿ ಕಲಿತು ಮರಳಿ, ಫಿಲಡೆಲ್ಫಿಯಾದ ಅಕಾಡೆಮಿಯಲ್ಲಿ ಬೋಧಕರಾದರು. ಮನುಷ್ಯದೇಹವನ್ನು ಚಿತ್ರಿಸುವವನು ಅದರ ಮೂಳೆ-ಸ್ನಾಯುಗಳನ್ನು ಅರಿತಿರಬೇಕೆಂಬುದು ಅವರ ಹಟ. ಮಹಿಳೆಯರಿದ್ದ ತರಗತಿಯಲ್ಲಿ ಪುರುಷ ರೂಪದರ್ಶಿಯ ಕೌಪೀನ ತೆಗೆಸಿದರೆಂಬ ಕಾರಣಕ್ಕೆ 1886ರಲ್ಲಿ ಅವರು ಹುದ್ದೆ ತೊರೆಯಬೇಕಾಯಿತು. ಶಿಷ್ಯರಲ್ಲಿ ಹಲವರು ಅವರೊಂದಿಗೇ ಹೊರನಡೆದು ಬೇರೆ ಶಾಲೆ ಕಟ್ಟಿದರು! ಅವರ ವಾರಗೆಯ ಮೇರಿ ಕಸಾಟ್‌ಗೆ ಪ್ಯಾರಿಸ್ಸಿನ ಆ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಸಿಕ್ಕಿದ್ದು 1897ರಲ್ಲಿ. ಆಕೆ ಅದೇ ಜೆರೋಮ್ ಬಳಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡರು.

ಕಿನ್ನಾಳದ ಚಿತ್ರಗಾರರಿಗೆ ಇಂಥ ಅಕಾಡೆಮಿ ಎಂದೂ ಇರಲಿಲ್ಲ. ಮನೆಯೇ ಶಾಲೆ, ತಂದೆಯೇ ಗುರು. ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿ ಚಿತ್ರಗಳು ತಮ್ಮ ಪೂರ್ವಿಕರ ಕೈಕೆಲಸವೆಂಬುದು ಈ ಮನೆತನಗಳ ನಂಬಿಕೆ. ಹಗುರ ಮರವನ್ನು ಕಡೆದು ಅಂಗಾಂಗಗಳನ್ನು ಜೋಡಿಸುವುದು, ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಕಿಟ್ಟ ತಯಾರಿಸುವುದು, ಬೆಣಚುಕಲ್ಲಿನ ಪುಡಿಯ ಸರಿಯಿಂದ ಒಡವೆಗಳನ್ನು ಉಬ್ಬಿಸಿ ಬರೆಯುವುದು, ಆಮೇಲೆ ಬಣ್ಣ. ಅಂಟು ಎಷ್ಟು ಗಟ್ಟಿಯಿರಬೇಕು, ಮಳೆಗಾಲದಲ್ಲಿ ಎಷ್ಟು ದಿನ ಒಣಗಬೇಕು ಎಂಬುದನ್ನು ಯಾವ ಕೈಪಿಡಿಯಿಂದಲೂ ಕಲಿಯಲಾಗದು. ಒಂದು ಊರಿನಲ್ಲಿ ನೆಲೆನಿಂತ ಕಸುಬಿನ ಗುಟ್ಟುಗಳು ಗಾಳಿಯಲ್ಲಿ ಬೆರೆತಂತಿದ್ದು, ಮಕ್ಕಳು ಅರಿವಿಲ್ಲದೆಯೇ ಅವನ್ನು ಹೀರಿಕೊಳ್ಳುತ್ತಾರೆ ಎಂಬ ಅರ್ಥದ ಮಾತನ್ನು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಬರೆದಿದ್ದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಅದನ್ನು ಓದಿದಾಗ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳಷ್ಟೇ ನನ್ನ ಕಣ್ಣ ಮುಂದಿದ್ದವು. ಕಿನ್ನಾಳಕ್ಕೂ ಅದು ಅಷ್ಟೇ ಒಪ್ಪುತ್ತದೆ. ಆದರೆ ಮಾರ್ಷಲ್‌ರ ಮಾತಿಗೆ ಇನ್ನೊಂದು ಮಗ್ಗುಲಿದೆ: ಕಸುಬಿನ ಮನೆಗಳು ಕಡಿಮೆಯಾದಂತೆ ಆ ಗಾಳಿಯೂ ತೆಳುವಾಗುತ್ತದೆ.

ಮನೆಶಾಲೆಯನ್ನು ವೈಭವೀಕರಿಸುವುದು ನನ್ನ ಉದ್ದೇಶವಲ್ಲ. ಅದು ಒಂದು ಸಮುದಾಯದ ಹೊರಗಿನವರಿಗೆ ಮುಚ್ಚಿದ ಬಾಗಿಲು. ಮಗನಿಗೆ ಬೇರೆ ಉದ್ಯೋಗ ಮೇಲೆನಿಸಿದರೆ ವಿದ್ಯೆ ಅಲ್ಲಿಗೇ ನಿಂತಿತು. ಅವನನ್ನು ದೂರುವ ಹಕ್ಕು ಸಂಬಳ-ಪಿಂಚಣಿಯ ನೆರಳಿನಲ್ಲಿ ಬದುಕಿದ ನಮ್ಮಂಥವರಿಗಿಲ್ಲ.

ಎರಡೂ ಬಗೆಯ ಶಿಕ್ಷಣ ಕೂಡಿಬಂದಾಗ ಏನಾಗುತ್ತದೆಂಬುದಕ್ಕೆ ಕೆ. ವೆಂಕಟಪ್ಪನವರೇ (1886–1965) ಸಾಕ್ಷಿ. ಮೈಸೂರು ಅರಮನೆಯ ಚಿತ್ರಗಾರ ಮನೆತನದ ಅವರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು. ಅಂಥ ಸೇತುವೆಯನ್ನು ಕಿನ್ನಾಳಕ್ಕೆ ಯಾರೂ ಕಟ್ಟಿಕೊಡಲಿಲ್ಲ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ, ನಿಜ. ಆದರೆ ಕರಕುಶಲ ತರಬೇತಿ ಯೋಜನೆಗಳು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಮುಗಿಯುತ್ತವೆ. ಎಷ್ಟು ಮಂದಿಗೆ ಶಿಷ್ಯವೇತನ, ಎಷ್ಟು ಪ್ರಮಾಣಪತ್ರ, ಹಣಬಳಕೆಯ ದೃಢೀಕರಣ ಸಲ್ಲಿಕೆಯಾಯಿತೇ ಎಂಬುದನ್ನು ಕಡತ ಕೇಳುತ್ತದೆ. ಕಲಿತವರಲ್ಲಿ ಐದು ವರ್ಷಗಳ ನಂತರ ಕುಂಚ ಹಿಡಿದಿರುವವರೆಷ್ಟು ಎಂದು ಕೇಳುವ ಕಲಂ ಇರುವ ನಮೂನೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಪದವಿಯಿಲ್ಲದ ಪರಿಣತರನ್ನೂ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ನೇಮಿಸಿಕೊಳ್ಳಲು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಆಶಯವನ್ನು ಕಿನ್ನಾಳಕ್ಕೆ ಅನ್ವಯಿಸಿ, ಊರಿನಲ್ಲಿಯೇ ಎರಡು ವರ್ಷಗಳ ಕಲಿಕೆಯನ್ನು ಆರಂಭಿಸಬಹುದು. ಹಿರಿಯ ಚಿತ್ರಗಾರರಿಗೆ ತಿಂಗಳ ಸಂಬಳ ಸಿಗಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯಾವ ಜಾತಿಯ ಮಕ್ಕಳೇ ಆಗಲಿ, ವಿಶೇಷವಾಗಿ ಹೆಣ್ಣುಮಕ್ಕಳು, ಸೇರುವಂತಾಗಲಿ. ರೇಖಾಚಿತ್ರ, ಲೆಕ್ಕಪತ್ರ, ಮಾರಾಟವನ್ನು ಕಲಿಸಲು ಹೊರಗಿನ ಅಧ್ಯಾಪಕರು ಬರಲಿ. ಪಾಠಕ್ಕೆ ಬೇಕಾದ ಹಳೆಯ ಮಾದರಿಗಳೂ ದೂರವಿಲ್ಲ: ಆನೆಗೊಂದಿಯ ಹುಚ್ಚಪ್ಪಯ್ಯನ ಮಠದಲ್ಲಿ ಚಾವಣಿ ಚಿತ್ರಗಳಿವೆ, ಕನಕಗಿರಿಯ ಕನಕಾಚಲಪತಿ ದೇವಾಲಯದಲ್ಲಿ ಗಾರೆಯ ಶಿಲ್ಪಗಳಿವೆ.

ಪರೀಕ್ಷೆಯ ಪ್ರಶ್ನೆಯೊಂದು ಉಳಿಯುತ್ತದೆ. ಕಿಟ್ಟದ ಹದ ಸರಿಯಾಗಿದೆಯೇ ಎಂಬುದನ್ನು ಲಿಖಿತ ಉತ್ತರಪತ್ರಿಕೆ ಹೇಳದು. ಅಂಕಪಟ್ಟಿಯ ಮೇಲೆ ಮೊದಲ ಸಹಿ ಕಿನ್ನಾಳದ ಹಿರಿಯ ಚಿತ್ರಗಾರರದ್ದಾಗಿರಬೇಕು. ಕುಲಸಚಿವರದ್ದು ಅದರ ಕೆಳಗೆ.