ಕಂಪ್ಯೂಟರ್ ಕೊಟ್ಟರೆ ಸಾಲದು, ತನಿಖೆಯನ್ನೂ ಕಲಿಸಿ

2007ರ ಆಗಸ್ಟ್‌ನಲ್ಲಿ ಬೆಂಗಳೂರಿನ ಓರ್ವ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಬಂಧಿಸಿ ಕೊಂಡೊಯ್ದರು. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಹೇಳನಗೊಳಿಸುವ ಚಿತ್ರ ಹಾಕಿದರೆಂಬುದು ಅವರ ಮೇಲಿದ್ದ ಆರೋಪ. ಇಂಟರ್ನೆಟ್ ಸೇವಾ ಸಂಸ್ಥೆಯೊಂದು ನೀಡಿದ ಐ.ಪಿ. ವಿಳಾಸದ ವಿವರವೇ ಅದಕ್ಕೆ ಆಧಾರ. ಆ ವಿವರ ತಪ್ಪಾಗಿತ್ತು. ಬಿಡುಗಡೆಯಾಗುವ ಹೊತ್ತಿಗೆ ಆ ನಿರಪರಾಧಿ ಸುಮಾರು 50 ದಿನಗಳನ್ನು ಜೈಲಿನಲ್ಲಿ ಕಳೆದಿದ್ದರು.

ತಪ್ಪು ಮಾಹಿತಿ ಕೊಟ್ಟದ್ದು ಸಂಸ್ಥೆ, ನಿಜ. ಆದರೆ ಅದನ್ನು ಪರಿಶೀಲಿಸಬೇಕಾದ ಹೊಣೆ ಯಾರದು? ಐ.ಪಿ. ವಿಳಾಸವೆಂಬುದು ಬಾಡಿಗೆ ಮನೆಯಂತೆ. ಈಗ ಒಬ್ಬರಲ್ಲಿದ್ದರೆ ಮರುಗಳಿಗೆಯಲ್ಲಿ ಇನ್ನೊಬ್ಬರಲ್ಲಿರಬಹುದು. ವಿದೇಶಿ ಕಂಪೆನಿಯ ದಾಖಲೆಯಲ್ಲಿ ಗ್ರೀನ್‌ವಿಚ್ ಸಮಯವಿದ್ದರೆ ನಮ್ಮ ಗಡಿಯಾರಕ್ಕೂ ಅದಕ್ಕೂ ಐದೂವರೆ ಗಂಟೆಗಳ ಅಂತರ. ಇಷ್ಟನ್ನು ಅರಿಯದ ಅಧಿಕಾರಿಯ ಕೈಯಲ್ಲಿ ಯಾರ ಮನೆಯ ಮಗನಾದರೂ ಆರೋಪಿಯಾಗಬಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಜಾರಿಗೆ ಬಂದಾಗ ಇಂತಹ ಅಪರಾಧಗಳ ತನಿಖೆಯ ಅಧಿಕಾರ ಡಿವೈಎಸ್‌ಪಿ ಹಾಗೂ ಮೇಲ್ಪಟ್ಟ ಅಧಿಕಾರಿಗಳಿಗಷ್ಟೇ ಇತ್ತು. 2009ರಲ್ಲಿ ಜಾರಿಯಾದ ತಿದ್ದುಪಡಿ ಅದನ್ನು ಇನ್‌ಸ್ಪೆಕ್ಟರ್‌ಗಳಿಗೂ ನೀಡಿತು. ಪ್ರಕರಣಗಳು ಹೆಚ್ಚುತ್ತಿರುವಾಗ ಅದು ಅನಿವಾರ್ಯವೂ ಹೌದು. ಆದರೆ ಅಧಿಕಾರ ಕೆಳಗಿಳಿದಷ್ಟು ಬೇಗ ಜ್ಞಾನವೂ ಇಳಿಯಿತೇ? ಅದೇ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಆ ಬಳಿಕವೂ ಠಾಣೆಗಳಲ್ಲಿ ಅದರಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದವು. ಅದನ್ನು ನಿಲ್ಲಿಸಲು 2022ರ ಅಕ್ಟೋಬರ್‌ನಲ್ಲಿ ಕೋರ್ಟ್ ಮತ್ತೊಮ್ಮೆ ಆದೇಶಿಸಬೇಕಾಯಿತು. ಸತ್ತ ಕಾನೂನನ್ನೇ ಗುರುತಿಸಲಾಗದವರು ಅಳಿಸಿಹೋದ ಕಡತವನ್ನು ಹೇಗೆ ಗುರುತಿಸಿಯಾರು?

ಅಪರಾಧಿಗಳನ್ನು ಹಿಡಿಯುವ ಅವಸರದಲ್ಲಿ ಇಂತಹ ಸೂಕ್ಷ್ಮಗಳಿಗೆ ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ವಾಸ್ತವದಲ್ಲಿ ಅಜಾಗ್ರತೆಯ ಮೊದಲ ಫಲಾನುಭವಿ ಅಪರಾಧಿಯೇ. ವಶಪಡಿಸಿದ ಮೊಬೈಲನ್ನು ಠಾಣೆಯಲ್ಲಿ ಕುತೂಹಲದಿಂದ ತೆರೆದು ನೋಡಿದರೂ ಅದರೊಳಗಿನ ದಾಖಲೆಗಳು ಬದಲಾಗುತ್ತವೆ. ಆದ್ದರಿಂದಲೇ ಮೂಲವನ್ನು ಮುಟ್ಟದೆ ಅದರ ಪ್ರತಿಯನ್ನು ಪರೀಕ್ಷಿಸಬೇಕು. ಮೂಲದ ಹ್ಯಾಶ್ ಮೌಲ್ಯವನ್ನು ಆರಂಭದಲ್ಲೇ ದಾಖಲಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದಕ್ಷರ ತಿದ್ದಿದರೂ ಅದು ಬದಲಾಗುತ್ತದೆ. ಸೂಕ್ತ ಪ್ರಮಾಣಪತ್ರವಿಲ್ಲದ ಡಿಜಿಟಲ್ ಪ್ರತಿ ಸಾಕ್ಷ್ಯವಾಗದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಆ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕೆನ್ನುತ್ತದೆ. ಹಣ ಕಳೆದುಕೊಂಡ ವೃದ್ಧೆ, ನಕಲಿ ಚಿತ್ರದಿಂದ ಮಾನ ಕಳೆದುಕೊಂಡ ತರುಣಿ ಕೋರ್ಟಿನಲ್ಲಿ ಸೋಲುವುದು ಇಂತಹ ಒಂದು ಕಾಗದ ತಪ್ಪಿದಾಗ.

ದೇಶದಲ್ಲೇ ಬಹಳ ಮುಂಚೆ, 2001ರಲ್ಲಿ, ಸೈಬರ್ ಪೊಲೀಸ್ ಠಾಣೆ ತೆರೆದ ರಾಜ್ಯ ಕರ್ನಾಟಕ. 2019ರಲ್ಲಿ ಬೆಂಗಳೂರಿನ ಸಿಐಡಿಯಲ್ಲಿ ಸೈಬರ್ ತನಿಖಾ ತರಬೇತಿ ಕೇಂದ್ರವೂ ಆರಂಭವಾಯಿತು. ಮೊಬೈಲ್, ಕಂಪ್ಯೂಟರ್‌ಗಳನ್ನು ಹೇಗೆ ಶೋಧಿಸಿ ವಶಪಡಿಸಬೇಕೆಂದು ರಾಜ್ಯ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವಿವರವಾದ ಸೂಚನೆಗಳನ್ನು ನೀಡಿದೆ. ಕೇಂದ್ರವಿದೆ, ತೀರ್ಪಿದೆ, ಕಾನೂನಿದೆ. ಇವು ತಾಲೂಕು ಠಾಣೆಯ ಮೇಜಿಗೆ ತಲುಪಬೇಕಷ್ಟೆ.

ಎರಡು ದಿನದ ಶಿಬಿರ ನಡೆಸಿ, ಫೋಟೋ ತೆಗೆಸಿಕೊಂಡು, ಪ್ರಮಾಣಪತ್ರ ಹಂಚುವುದನ್ನು ತರಬೇತಿಯೆಂದು ನಾವು ಒಪ್ಪಲಾರೆವು. ತರಬೇತಿಯ ಕೊನೆಗೆ ಪರೀಕ್ಷೆಯಿರಲಿ. ಕಲಿತವರನ್ನು ಮರುವರ್ಷವೇ ಸಂಚಾರ ವಿಭಾಗಕ್ಕೆ ವರ್ಗಾಯಿಸದಿರಲಿ. ಮನೆಯಿಂದ ಲ್ಯಾಪ್‌ಟಾಪ್ ಒಯ್ಯುವಾಗ ಅದರ ಹ್ಯಾಶ್ ಮೌಲ್ಯದ ಪ್ರತಿಯನ್ನು ಮನೆಯವರ ಕೈಗೂ ಕೊಡಲಿ. ಪ್ರಾಮಾಣಿಕ ಅಧಿಕಾರಿಗೆ ಇದರಿಂದ ನಷ್ಟವೇನೂ ಇಲ್ಲ; ನಾಳೆ ಸಾಕ್ಷ್ಯ ತಿರುಚಿದ ಆರೋಪ ಬಂದರೆ ಆತನನ್ನು ರಕ್ಷಿಸುವುದೂ ಆ ಸಂಖ್ಯೆಯೇ. ಕಳೆದುಹೋದ 50 ದಿನಗಳನ್ನು ಯಾವ ಸರಕಾರವೂ ಮರಳಿಸಲಾರದು. ಅಂತಹ ಇನ್ನೊಂದು ದಿನ ಯಾರ ಪಾಲಿಗೂ ಬಾರದಂತೆ ನೋಡಿಕೊಳ್ಳುವುದು ಮಾತ್ರ ಅದರ ಕೈಯಲ್ಲಿದೆ.