ಕಬ್ಬಿನ ಸೋಗೆಯ ರಸಮೇವು



ಬೆಳಗಾವಿ, ಬಾಗಲಕೋಟೆ ಸೀಮೆಯ ಕಬ್ಬಿನ ಊರುಗಳಲ್ಲಿ ವರ್ಷವರ್ಷವೂ ಎರಡು ದೃಶ್ಯಗಳು ಒಂದರ ಹಿಂದೊಂದು ಕಾಣಸಿಗುತ್ತವೆ. ಕಟಾವಿನ ತಿಂಗಳುಗಳಲ್ಲಿ ಹಸಿರು ಸೋಗೆ ತಿನ್ನುವ ದನಗಳಿಲ್ಲದೆ ಬದುವಿನ ಮೇಲೆ ಒಣಗಿ, ರವದಿಯೊಡನೆ ಬೆಂಕಿಯ ಪಾಲಾಗುತ್ತದೆ. ಬೇಸಿಗೆ ಬಲಿಯುತ್ತಲೇ ಅದೇ ಊರಿನವರು ಮೇವಿಲ್ಲವೆಂದು ಹಯನದ ಹಸುವನ್ನು ಸಿಕ್ಕ ಬೆಲೆಗೆ ಸಂತೆಯಲ್ಲಿ ಬಿಟ್ಟು ಬರುತ್ತಾರೆ. ಸುಟ್ಟ ಸೋಗೆಯನ್ನು ಕೂಡಿಟ್ಟಿದ್ದರೆ ಆ ಹಸು ಹಟ್ಟಿಯಲ್ಲಿಯೇ ಉಳಿಯಬಹುದಿತ್ತು.

ಕೂಡಿಡುವ ಉಪಾಯವೇ ರಸಮೇವು. ಹಸಿರು ಮೇವನ್ನು ಸಣ್ಣಗೆ ಕತ್ತರಿಸಿ, ಗಾಳಿ ನಿಲ್ಲದಂತೆ ತುಳಿದು ಮುಚ್ಚಿದರೆ, ಅದರೊಳಗಿನ ಸಕ್ಕರೆ ಹುಳಿಯಾಗಿ ಮಾರ್ಪಡುತ್ತದೆ. ಹಾಲು ಮೊಸರಾಗುವಾಗ ಹುಟ್ಟುವ ಆಮ್ಲವೇ ಇಲ್ಲಿಯೂ ಹುಟ್ಟಿ ಮೇವನ್ನು ಕೊಳೆಯದಂತೆ ಕಾಯುತ್ತದೆ.

ಗೋವಿನಜೋಳಕ್ಕೆ ಇಷ್ಟು ಸಾಕು, ಕಬ್ಬಿಗೆ ಸಾಲದು. ಇದನ್ನರಿಯದೆ ನಾವೊಮ್ಮೆ ಕಾರ್ಖಾನೆಗೆ ಹೋಗದೆ ಉಳಿದ ಕಬ್ಬನ್ನು ಜಲ್ಲೆಸಹಿತ ಕತ್ತರಿಸಿ ಗುಂಡಿ ತುಂಬಿದೆವು. ತೆರೆದ ದಿನ ಗುಪ್ಪೆಂದು ಹೆಂಡದ ವಾಸನೆ! ಹೆಂಡವನ್ನು ಕಣ್ಣಿನಿಂದಲೂ ಕಾಣದ ನಮ್ಮ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನಡೆದರು. ಜಲ್ಲೆಯಲ್ಲಿ ಸಕ್ಕರೆ ಅತಿಯಾಗಿರುವುದರಿಂದ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಅದನ್ನು ಮದ್ಯಸಾರವಾಗಿಸಿ ಮೇವಿನ ಸತ್ವವನ್ನು ನುಂಗಿಬಿಡುತ್ತದೆ. ಜಲ್ಲೆಸಹಿತ ಹಾಕಲೇಬೇಕಾದಲ್ಲಿ 100 ಕಿಲೋ ಮೇವಿಗೆ ಅರ್ಧದಿಂದ ಒಂದು ಕಿಲೋ ಸುಣ್ಣವನ್ನು ಸಮನಾಗಿ ಬೆರೆಸಿದರೆ ಯೀಸ್ಟಿನ ಆಟ ತಗ್ಗುತ್ತದೆ. ಯೂರಿಯಾವನ್ನು ಬೆರೆಸುವವರೂ ಉಂಟು. ಅದು ಒಂದೆಡೆ ಗಂಟಾಗಿ ಉಳಿದರೆ ದನದ ಪ್ರಾಣಕ್ಕೇ ಸಂಚಕಾರ, ಎಳೆಗರುಗಳಿಗಂತೂ ಕೂಡದು. ಪಶುವೈದ್ಯರನ್ನು ಕೇಳದೆ ಅದಕ್ಕೆ ಕೈ ಹಾಕದಿರುವುದೇ ಲೇಸು.

ಆದುದರಿಂದ ಗೃಹಸ್ಥರಿಗೆ ಸೋಗೆಯೇ ಉತ್ತಮ. ಅದರಲ್ಲಿ ಸಕ್ಕರೆ ಹಿತಮಿತವಾಗಿದೆ. ಕಡಿದ ದಿನವೇ ಒಂದಂಗುಲದಷ್ಟು ತುಂಡು ಮಾಡಬೇಕು. ಹಿಡಿಯಲ್ಲಿ ಹಿಂಡಿದರೆ ಅಂಗೈ ತೇವವಾಗಬೇಕು, ನೀರು ತೊಟ್ಟಿಕ್ಕಬಾರದು.

ಗುಂಡಿಯ ವಿಷಯದಲ್ಲಿ ಒಂದು ಮಾತು. ಎರಡು ಹಸುಗಳಿಗೆ ದಿನಕ್ಕೆ 15 ಕಿಲೋದಂತೆ 90 ದಿನಗಳಿಗೆ 2,700 ಕಿಲೋ ಬೇಕು. 10 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ಗುಂಡಿಯಲ್ಲಿ ಇಷ್ಟು ಹಿಡಿಯುತ್ತದೆ. ಆದರೆ ತೆರೆದ ಗುಂಡಿಯಿಂದ ದಿನಕ್ಕೆ ಅರ್ಧ ಅಡಿಯಷ್ಟಾದರೂ ಮೇವು ತೆಗೆಯದಿದ್ದರೆ ಗಾಳಿ ಹೊಕ್ಕು ಬೂಷ್ಟು ಹಿಡಿಯುತ್ತದೆ. ಎರಡು ಹಸುಗಳ ಮನೆಯಲ್ಲಿ ಅಷ್ಟೊಂದು ಖರ್ಚಾಗುವುದೆಲ್ಲಿ? ಇಂಥವರಿಗೆ 50 ಕಿಲೋ ಹಿಡಿಯುವ ದಪ್ಪ ಪ್ಲಾಸ್ಟಿಕ್ ಚೀಲಗಳೇ ಅನುಕೂಲ. 54 ಚೀಲಗಳು ಬೇಕಾಗುತ್ತವೆ. ಒಂದನ್ನು ತೆರೆದರೆ ಎರಡು ದಿನಗಳೊಳಗೆ ಮುಗಿಯುತ್ತದೆ. ತುಳಿದು ತುಂಬಿ ಬಾಯಿ ಬಿಗಿದು ನೆರಳಿನಲ್ಲಿಡಿ. ಇಲಿಯ ಕಾಟವೊಂದೇ ದೊಡ್ಡದು! ಅದು ಕೊರೆದ ತೂತನ್ನು ಅಂದೇ ಅಂಟುಪಟ್ಟಿಯಿಂದ ಮುಚ್ಚಬೇಕು.

45 ದಿನಗಳ ನಂತರ ತೆರೆಯಬಹುದು. ಹಳದಿಮಿಶ್ರಿತ ಹಸಿರು ಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಚೆನ್ನಾಗಿ ಬಂದಿದೆ ಎಂದರ್ಥ. ಬೂಷ್ಟು ಹಿಡಿದುದನ್ನು ತಿಪ್ಪೆಗೆ ಹಾಕಿರಿ. ಸೋಗೆಯಲ್ಲಿ ಸಸಾರಜನಕ ಕಡಿಮೆ. ಅದರಲ್ಲಿನ ಆಕ್ಸಲೇಟ್ ದನದ ಮೈಯ ಸುಣ್ಣದಂಶವನ್ನೂ ಕಟ್ಟಿಹಾಕುತ್ತದೆ. ಆದುದರಿಂದ ಹಿಂಡಿ ಮತ್ತು ಖನಿಜ ಮಿಶ್ರಣವನ್ನು ತಪ್ಪಿಸಬೇಡಿ. ಮೊದಲ ದಿನ 5 ಕಿಲೋ ಮಾತ್ರ ಕೊಟ್ಟು, ವಾರದಲ್ಲಿ ಮೆಲ್ಲನೆ ಹೆಚ್ಚಿಸಿರಿ. ಅದನ್ನೂ ಹಾಲು ಕರೆದ ಮೇಲೆಯೇ ಹಾಕಿರಿ, ಇಲ್ಲದಿದ್ದರೆ ಹಾಲಿಗೆ ಅದರ ವಾಸನೆ ಹತ್ತುತ್ತದೆ.